ಲೋಡ್ ಟೆಸ್ಟ್ ದಿನ ಸ್ಟ್ರೈನ್ ಗೇಜ್ ಸೊನ್ನೆ ಮಾಡಬೇಡಿ

ಡೊಂಬಿವಲಿಯಿಂದ ವಾಶಿವರೆಗೆ ಸೈಟುಗಳಲ್ಲಿ ದುಡಿಯುವ ನಮ್ಮ ಕನ್ನಡದ ಎಂಜಿನಿಯರ್ ಗೆಳೆಯರಿಗೆ ಒಂದು ಮಾತು. ಪೈಲ್ (ಕಟ್ಟಡದ ಭಾರ ಹೊರಲು ನೆಲದೊಳಗೆ ಇಳಿಸುವ ಕಂಬ) ಎಷ್ಟು ಭಾರ ತಾಳುತ್ತದೆಂದು ನೋಡುವ ಲೋಡ್ ಟೆಸ್ಟಿನ ಬೆಳಿಗ್ಗೆ, ಪೈಲ್ ಒಳಗೆ ಕೂತು ಅದು ಎಷ್ಟು ಕುಗ್ಗಿತೆಂದು ಅಳೆಯುವ ಸ್ಟ್ರೈನ್ ಗೇಜುಗಳನ್ನೆಲ್ಲ ಸೊನ್ನೆ ಮಾಡಿ ಶುರು ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಮುಂಬೈಯಲ್ಲಿ ಕೊರೆದು ಕಾಂಕ್ರೀಟ್ ತುಂಬುವ ಪೈಲೇ ಜಾಸ್ತಿ, ಗೊತ್ತು. ಆದರೆ ಒತ್ತಾಗಿ ಮನೆಗಳಿರುವ ಕಡೆ ಸದ್ದು, ಅದುರು ಬೇಡ ಅಂದಾಗ ಜ್ಯಾಕ್‌ನಿಂದ ಒತ್ತಿ ಇಳಿಸುವ ಕಾಂಕ್ರೀಟ್ ಪೈಪ್ ಪೈಲ್ ಒಳ್ಳೆಯ ದಾರಿ. ತೊಂದರೆ ಇರುವುದು ನಾವು ಅದನ್ನು ಅಳೆಯುವ ರೀತಿಯಲ್ಲಿ.

ಜ್ಯಾಕ್ ಬಿಟ್ಟ ಕ್ಷಣ ಗಮನಿಸಿ. ಪ್ರೆಶರ್ ಗೇಜಿನ ಮುಳ್ಳು ಸೊನ್ನೆಗೆ ಇಳಿಯುತ್ತದೆ, ಪೈಲ್ ತಲೆ ಒಂಚೂರು ಮೇಲೇಳುತ್ತದೆ. ಪೂರ್ತಿ ಏಳಲು ಮಣ್ಣು ಬಿಡುವುದಿಲ್ಲ. ಬುಡದ ಮಣ್ಣು ಮೇಲಕ್ಕೆ ತಳ್ಳುತ್ತದೆ, ಮೇಲಿನ ಮಣ್ಣು ಪೈಲಿನ ಮೈ ಹಿಡಿದು ಕೆಳಕ್ಕೆ ಎಳೆಯುತ್ತದೆ. ತಲೆ ಮೇಲೆ ಏನೂ ಭಾರವಿಲ್ಲದಿದ್ದರೂ ಪೈಲ್ ಒಳಗೆ ಒತ್ತಡ ಉಳಿದುಬಿಡುತ್ತದೆ. ಇಲ್ಲಿ ಹಲವೆಡೆ ಮೇಲೆ ಭರ್ತಿ ಮಣ್ಣು, ಆಮೇಲೆ ಮೆತ್ತನೆಯ ಕಡಲ ಜೇಡಿ, ಕೆಳಗೆ ಮುರುಮು (ಸವೆದು ಪುಡಿಯಾದ ಕಲ್ಲು), ಬಸಾಲ್ಟ್ ಬಂಡೆ. ತುದಿ ಜೇಡಿಯಲ್ಲಿದ್ದರೆ ಉಳಿಯುವ ಒತ್ತಡ ಕಡಿಮೆ. ಗಟ್ಟಿ ಪದರಕ್ಕೆ ತಾಗಿತೋ, ಏರುತ್ತದೆ.

ಟೆಸ್ಟ್ ದಿನ ಗೇಜು ಸೊನ್ನೆ ಮಾಡಿದರೆ ಈ ಉಳಿದ ಒತ್ತಡ ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ಒಂದು ಲೆಕ್ಕ. ತಲೆಗೆ 2000 ಕಿಲೋನ್ಯೂಟನ್ ಹಾಕಿದ್ದೀರಿ. ಸೊನ್ನೆ ಮಾಡಿದ ಗೇಜು ಬುಡದಲ್ಲಿ 500 ತೋರಿಸಿದರೆ ಮೈಯ ಘರ್ಷಣೆ (ಸುತ್ತಲ ಮಣ್ಣು ಪೈಲಿನ ಮೈ ಹಿಡಿದು ಹೊರುವ ಪಾಲು) 1500 ಎಂದು ಬರೆಯುತ್ತೀರಿ. ಮೊದಲೇ ಬುಡದಲ್ಲಿ 300 ಸಿಕ್ಕಿಕೊಂಡಿದ್ದರೆ? ಬುಡದ್ದು ನಿಜವಾಗಿ 800, ಮೈಯದು 1200. ಒಟ್ಟು ಬದಲಾಗುವುದಿಲ್ಲ. ಪೈಲ್ ಲೋಡ್ ಟೆಸ್ಟಿನ ಭಾರತೀಯ ಮಾನಕ ಐಎಸ್ 2911ರ ನಾಲ್ಕನೇ ಭಾಗ ಮುಖ್ಯವಾಗಿ ನೋಡುವುದು ತಲೆಯ ಕುಸಿತ, ಹಾಗಾಗಿ ಟೆಸ್ಟ್ ಪಾಸ್. ತಪ್ಪು ಎಲ್ಲೂ ಕಾಣಿಸುವುದಿಲ್ಲ.

ಆದರೆ ಆ 1500 ಅಲ್ಲಿಗೇ ನಿಲ್ಲುವುದಿಲ್ಲ. ಪಕ್ಕದ ಪ್ಲಾಟಿನಲ್ಲಿ, ಗಟ್ಟಿ ಪದರ ಇನ್ನೂ ಆಳದಲ್ಲಿರುವ ಕಡೆ, ಅದೇ ಘರ್ಷಣೆ ಹಿಡಿದು ಇನ್ನೊಬ್ಬರು ಡಿಸೈನ್ ಮಾಡುತ್ತಾರೆ. ಬೇಸ್‌ಮೆಂಟನ್ನು ನೀರು ಮೇಲಕ್ಕೆ ಎತ್ತದಂತೆ ಹಿಡಿಯಬೇಕಾದ ಪೈಲಿಗೂ ಅದೇ ಅಂಕಿ. ಅಲ್ಲಿ ಬುಡದ ಆಸರೆ ಇರುವುದೇ ಇಲ್ಲ, ಘರ್ಷಣೆಯೊಂದೇ ಗತಿ. ನನಗೆ ನಿಜವಾಗಿ ಭಯ ಆಗುವುದು ಇಲ್ಲೇ.

ಮಾಡಬೇಕಾದ್ದು ಕಷ್ಟವೇನಲ್ಲ. ಪೈಲ್ ಕ್ರೇನಿನಲ್ಲಿ ನೇತಾಡುತ್ತಿರುವಾಗ, ನೆಲ ಮುಟ್ಟುವ ಮೊದಲು, ಸೊನ್ನೆ ರೀಡಿಂಗ್ ತೆಗೆದುಕೊಳ್ಳಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದಲ್ವಾ, ಅದಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು, ತಾಪಮಾನವನ್ನೂ ಬರೆದಿಡಿ. ಜ್ಯಾಕ್ ಬಿಟ್ಟ ತಕ್ಷಣ ಒಮ್ಮೆ, ಟೆಸ್ಟಿಗೆ ಮುಂಚೆ ಒಮ್ಮೆ ಓದಿ. ಮೂರೂ ರೀಡಿಂಗ್ ರಿಪೋರ್ಟಿನಲ್ಲಿ ಹಾಕಿ, ಕ್ಲೈಂಟ್ ಕೇಳದಿದ್ದರೂ.