ಆಚೆ ದಡ

ಶಿವಮೊಗ್ಗದಿಂದ ಸುಮಾರು 8 ಕಿಲೋಮೀಟರು ದೂರದಲ್ಲಿ, ತುಂಗೆಯ ಒಂದು ದಡಕ್ಕೆ ಮತ್ತೂರು, ಇನ್ನೊಂದು ದಡಕ್ಕೆ ಹೊಸಹಳ್ಳಿ. ಇವುಗಳಲ್ಲಿ ಆಚೆ ದಡ ಯಾವುದೆಂಬುದನ್ನು ನಕ್ಷೆ ನೋಡಿ ತಿಳಿಯಲಾಗದು. ನಾವು ಯಾರ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೇವೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ಮತ್ತೂರಿಗೆ ಬರುವ ಅಪರಿಚಿತರು ಸಾಮಾನ್ಯವಾಗಿ ಸಂಸ್ಕೃತವನ್ನು ನೋಡಲು ಬರುತ್ತಾರೆ. 1981ರಲ್ಲಿ ಇಲ್ಲಿ ನಡೆದ ಹತ್ತು ದಿನಗಳ ಸಂಭಾಷಣಾ ಶಿಬಿರದ ನಂತರ 'ಸಂಸ್ಕೃತ ಗ್ರಾಮ' ಎಂಬ ಬಿರುದು ಊರಿಗೆ ಅಂಟಿಕೊಂಡಿತು. ಒಮ್ಮೆ ಕ್ಯಾಮೆರಾ ಹಿಡಿದು ಬಂದವರೊಬ್ಬರು, ತೋಟಕ್ಕೆ ಹೊರಟಿದ್ದ ಹಿರಿಯರನ್ನು ತಡೆದು ಏನಾದರೂ ಸಂಸ್ಕೃತದಲ್ಲಿ ಹೇಳಬೇಕೆಂದು ಪೀಡಿಸಿದ್ದನ್ನು ನಾನೇ ಕಂಡಿದ್ದೇನೆ. ಅವರು 'ಅಹಂ ಗಚ್ಛಾಮಿ' ಎಂದವರೇ ನಿಜಕ್ಕೂ ಹೊರಟುಹೋದರು. ಆ ಬಿರುದಿನ ಅಬ್ಬರದಲ್ಲಿ ಇಲ್ಲಿನ ಅಡುಗೆಮನೆಯ ಭಾಷೆ ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು. ಶತಮಾನಗಳ ಹಿಂದೆ ತಮಿಳುನಾಡಿನ ಸೆಂಗೋಟ್ಟೈ ಕಡೆಯಿಂದ ಘಟ್ಟದ ಸೀಮೆಗೆ ಬಂದ ಇಲ್ಲಿನ ಸಂಕೇತಿ ಸಮುದಾಯದವರು, ತಮಿಳು, ಕನ್ನಡ, ಮಲಯಾಳಗಳನ್ನು ಬೆರೆಸಿಕೊಂಡ ತಮ್ಮ ನುಡಿಯಲ್ಲೇ ಮಕ್ಕಳನ್ನು ಗದರಿಸುತ್ತಾರೆ, ನಮ್ಮಂಥವರು ಬಂದರೆ ಉಸಿರು ತಿರುಗುವಷ್ಟರಲ್ಲಿ ಕನ್ನಡಕ್ಕೆ ಹೊರಳುತ್ತಾರೆ.

ಅಡಿಕೆ ಸುಲಿಯುವ ಕಾಲದಲ್ಲಿ ಹೋದರೆ ಊರು ಸರಿಯಾಗಿ ಕಾಣುತ್ತದೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿಹಿಡಿದು, ಹಸಿ ಕಾಯಿಯನ್ನು ಅಲಗಿಗೆ ಕೊಟ್ಟು ಸಿಪ್ಪೆ ಬಿಡಿಸುವ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಬಾಯಿ ಮಾತ್ರ ಮದುವೆ, ಕೊಳೆರೋಗ, ಅಡಿಕೆಯ ಧಾರಣೆ ಎಂದು ಊರೆಲ್ಲ ಸುತ್ತಿ ಬರುತ್ತದೆ. ಬೆಂದ ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ವಾರಗಟ್ಟಲೆ ಬಿಡದು. ಆ ದಿನಗಳಲ್ಲಿ ಇಲ್ಲಿ ಊಟಕ್ಕೆ ಕುಳಿತವರ ಕೈ ನೋಡಿದರೆ ಸಾಕು, ಮನೆಯವರು ಯಾರು, ನೆಂಟರು ಯಾರು ಎಂದು ಹೇಳಬಹುದು.

ಹೊಸಹಳ್ಳಿಯ ಸಂಪತ್ತು ಗಮಕ. ತಾಳದ ಹಂಗಿಲ್ಲದೆ, ಅರ್ಥಕ್ಕೆ ತಕ್ಕ ರಾಗದಲ್ಲಿ ಒಬ್ಬರು ಪದ್ಯವನ್ನು ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಈ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಇನ್ನು ವ್ಯಾಖ್ಯಾನಕ್ಕೆ ಹೆಸರಾದ ಮತ್ತೂರು ಕೃಷ್ಣಮೂರ್ತಿಯವರು, ಹೆಸರೇ ಹೇಳುವಂತೆ, ಎದುರು ದಡದವರು. ವಾಚನಕ್ಕೆ ಒಂದು ದಡ, ವ್ಯಾಖ್ಯಾನಕ್ಕೆ ಇನ್ನೊಂದು ದಡ ಎಂದು ಹೊಳೆಯೇ ಹಂಚಿಕೊಟ್ಟಿತೇನೋ ಎಂದು ನಾನು ತಮಾಷೆ ಮಾಡಿದ್ದುಂಟು. ಎರಡೂ ಊರಿನವರು ಅದನ್ನು ಒಪ್ಪಲಿಲ್ಲ, ಎರಡೂ ವಿದ್ಯೆ ತಮ್ಮಲ್ಲೇ ಇದೆಯೆಂದರು.

ಗಮಕಿಗಳು ವಾಚಿಸುವ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಸಾಲು ಮೊದಲೆರಡಕ್ಕಿಂತ ಉದ್ದ. 14 ಮಾತ್ರೆಗಳ ಎರಡು ಗಿಡ್ಡ ಸಾಲುಗಳ ಮೇಲೆ 23 ಮಾತ್ರೆಗಳ ಸಾಲು ಬಂದಾಗ ಗಮಕಿಯ ದನಿ ತಡೆ ದಾಟಿದ ನೀರಿನಂತೆ ಹರಡಿಕೊಳ್ಳುತ್ತದೆ. ಮೇಲೆ ಗಾಜನೂರಿನ ಅಣೆಕಟ್ಟೆಯಿಂದ ನೀರು ಬಿಟ್ಟ ಮಳೆಗಾಲದ ದಿನಗಳಲ್ಲಿ ಹೊಳೆಯೂ ದನಿ ಎತ್ತುತ್ತದೆ, ಆಗ ಮೆಟ್ಟಿಲಿಗೆ ಯಾರೂ ಇಳಿಯುವುದಿಲ್ಲ. ಬೇಸಗೆಯ ಸಂಜೆ ಮಾತ್ರ ಅದು ಬಂಡೆಗಳ ನಡುವೆ ಪಿಸುಗುಟ್ಟುತ್ತದೆ. ಅಂಥ ಒಂದು ಸಂಜೆ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದ ಯಜಮಾನರು ತಟ್ಟನೆ ಕೈ ತಡೆದು, ಎದುರು ದಡದ ಕಡೆ ಕಿವಿಗೊಟ್ಟು, 'ಆ ಪದ್ಯಕ್ಕೆ ಮೋಹನ ರಾಗ ಬೇಡವಾಗಿತ್ತು' ಎಂದು ಗೊಣಗಿ, ಮತ್ತೆ ಪಂಚೆ ಹಿಂಡತೊಡಗಿದರು.