ಕಿತ್ತಳೆ ಜಾಕೆಟ್ಟೂ ಕಾಡುಕೋಳಿಯ ನೆಂಟರೂ

ನಮ್ಮಜ್ಜ ಹಳು ನುಗ್ಗಲು, ಅಂದರೆ ಬೇಟೆಗಾಗಿ ಪೊದೆ ಬಡಿದು ಪ್ರಾಣಿ ಎಬ್ಬಿಸಲು, ಹೋಗುವಾಗ ಏನು ಹಾಕಿಕೊಳ್ಳಬೇಕು ಅಂತ ಯಾರನ್ನೂ ಕೇಳಿದವನಲ್ಲ. ಒಂದು ಹಳೇ ಖಾಕಿ ಚಡ್ಡಿ, ತಲೆ ಮೇಲೆ ಕಂಬಳಿಕೊಪ್ಪೆ, ಸೊಂಟದಲ್ಲೊಂದು ಕತ್ತಿ, ಕಾಲಿಗೆ ದೇವರು ಕೊಟ್ಟ ಚರ್ಮ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು. ಕಂಬಳಿಗೆ ಗದ್ದೆ ಕಾಯುವ ಕೆಲಸಕ್ಕೆ ವರ್ಗವಾಯಿತು. ಇದಾಗಿ ಐವತ್ತು ವರ್ಷದ ಮೇಲೆ, ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಹಳ್ಳಿಯಲ್ಲಿ, ಅದೇ ಅಜ್ಜನ ಮೊಮ್ಮಗ ಅದೇ ಕೆಲಸಕ್ಕೆ ಯಾವ ಬಟ್ಟೆ ಹಾಕಿಕೊಳ್ಳುವುದು ಅಂತ ಎರಡು ರಾತ್ರಿ ನಿದ್ದೆಗೆಟ್ಟ.

ಹಚ್ಚಿಕೊಟ್ಟವರು ಪಕ್ಕದ ಮನೆಯ ಯಜಮಾನರು. ನವೆಂಬರಿನ ಒಂದು ಸಂಜೆ ಬೇಲಿಯಾಚೆಯಿಂದ ಕತ್ತು ಚಾಚಿ, "ಶನಿವಾರ ಬೀಟಿಂಗಿಗೆ ಬರ್ತೀಯೇನೋ ಮಾರಾಯ? ಒಂದು ಆಳು ಕಮ್ಮಿ ಬಿದ್ದಿದೆ" ಅಂದರು. ಬಡಿಯೋದು ಯಾರನ್ನ ಅಂತ ನನಗೆ ಗಾಬರಿ. ಅವರು ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಇದು ನಮ್ಮ ಮಲೆನಾಡಿನವರು ಹಳು ನುಗ್ಗುತ್ತಿದ್ದರಲ್ಲ, ಅದೇ. ಹಕ್ಕಿಯ ಹೆಸರು ಫೆಸೆಂಟ್. ನಮ್ಮ ಕಾಡುಕೋಳಿಯ ಕುಲದ್ದೇ, ಬಾಲ ಮಾತ್ರ ಯಾರದೋ ಮದುವೆಗೆ ಹೊರಟ ಹಾಗೆ ಉದ್ದ. ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅದನ್ನು ಹೊಡೆಯಬಹುದು, ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಮಾತ್ರ ಮುಟ್ಟುವಂತಿಲ್ಲ. ಸಾಲಾಗಿ ನಿಂತು, ಕೋಲಿನಿಂದ ಮರ ಪೊದೆ ತಟ್ಟುತ್ತಾ ಕಾಡಿನೊಳಗೆ ನಡೆದು ಹಕ್ಕಿ ಎಬ್ಬಿಸುವವರು ಬೀಟರುಗಳು. ಕಾಡಿನಾಚೆ ನಂಬರು ಹಾಕಿದ ಗೂಟಗಳ ಪಕ್ಕ ಕೋವಿ ಹಿಡಿದು ನಿಂತವರು ಎಂಟೋ ಒಂಬತ್ತೋ ಮಂದಿ. ಅವರಿಗೆ 'ಗನ್ನು'ಗಳು ಅಂತಲೇ ಹೆಸರು. ಕೋವಿಗಲ್ಲ, ಮನುಷ್ಯರಿಗೆ! ಬೇಟೆಗೆ ಕೋವಿ ಹಿಡಿದು ಕಾದು ಕೂರುವುದಕ್ಕೆ ನಮ್ಮಲ್ಲಿ 'ಬಿಲ್ಲಿಗೆ ಕೂರುವುದು' ಅನ್ನುತ್ತಿದ್ದರಲ್ಲ, ಅವರು ನಿಂತದ್ದು ಅಂಥ ಜಾಗ. ವ್ಯತ್ಯಾಸ ಇಷ್ಟೇ: ಇಲ್ಲಿ ಗನ್ನುಗಳು ದಂಡಿಯಾಗಿ ದುಡ್ಡು ಕೊಟ್ಟು ಬರುತ್ತಾರೆ, ಬೀಟರುಗಳು ದಿನಗೂಲಿ ಇಸಿದುಕೊಂಡು ಹೋಗುತ್ತಾರೆ.

"ಏನು ಹಾಕ್ಕೊಂಡು ಬರಲಿ?" ಅಂದೆ.

"ಹಾಳಾದರೂ ಹೊಟ್ಟೆ ಉರಿಯಬಾರದು, ಅಂಥದ್ದು."

ಈ ಒಂದು ಮಾತನ್ನು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ಹೆಂಡತಿ ಕೇಳಬೇಕಲ್ಲ. "ರೀ, ಮೊದಲನೇ ಸಲ ಕರೆದಿದ್ದಾರೆ. ಹರಕು ಹಾಕ್ಕೊಂಡು ಹೋದರೆ ಇಂಡಿಯಾದವರ ಬಗ್ಗೆ ಏನಂದ್ಕೊಂಡಾರು?" ದೇಶದ ಮಾನ ನನ್ನ ಪ್ಯಾಂಟಿನ ಮೇಲೆ ನಿಂತಿದೆ ಅಂದಮೇಲೆ ಮಾತೆಲ್ಲಿಯದು? ಬೀರುವಿನಿಂದ ಕಿತ್ತಳೆ ಬಣ್ಣದ ಜಾಕೆಟ್ ಇಳಿಯಿತು. ಒಳಗೆಲ್ಲ ಬಾತಿನ ಪುಕ್ಕ ತುಂಬಿದ್ದು, ಹಗುರ, ಬೆಚ್ಚಗೆ. ಅರ್ಧ ಬೆಲೆಗೆ ಸಿಕ್ಕಿತ್ತು. ಆ ಬಣ್ಣದ ದೆಸೆಯಿಂದಲೇ ಅರ್ಧಕ್ಕೆ ಇಳಿದಿತ್ತು ಅನ್ನುವುದು ಆಮೇಲೆ ಹೊಳೆಯಿತು. ಕೆಳಗೆ ಜೀನ್ಸ್, ಅದರ ಮೇಲೊಂದು ಪ್ಲಾಸ್ಟಿಕ್ಕಿನ ಮಳೆ ಪ್ಯಾಂಟು. ಆ ಪ್ಯಾಂಟಿನ ತುದಿಯನ್ನು ಮಡಿಚಿ, ನೀಟಾಗಿ, ಮೊಣಕಾಲೆತ್ತರದ ರಬ್ಬರಿನ ವೆಲ್ಲಿಂಗ್ಟನ್ ಬೂಟಿನ ಒಳಗೆ ತುರುಕಿದೆ. ಕೈಗೆ ಅತ್ತೆ ಹೆಣೆದ ಉಣ್ಣೆಯ ಗ್ಲೌಸು. ತಲೆಗೆ, ಊಟಿಗೆ ಹೊರಟವನಂತೆ, ಮಂಕಿ ಕ್ಯಾಪು.

ಬೆಳಿಗ್ಗೆ ತೋಟದಮನೆಯ ಅಂಗಳದಲ್ಲಿ ಎರಡು ಗುಂಪು. ಗನ್ನುಗಳದ್ದು ಟ್ವೀಡ್ ಕೋಟು, ಮೊಣಕಾಲಿನ ಕೆಳಗೆ ನಿಲ್ಲುವ ಚಲ್ಲಣ, ಉದ್ದನೆ ಕಾಲುಚೀಲ, ಅದಕ್ಕೆ ಬಣ್ಣದ ಕುಚ್ಚು. ಸಾಲದ್ದಕ್ಕೆ ಕುತ್ತಿಗೆಗೆ ಟೈ. ಹಕ್ಕಿ ಹೊಡೆಯಲು ಟೈ ಯಾಕೆ ಅಂತ ಹಕ್ಕಿಯೇ ಕೇಳಬೇಕು. ಈ ಕಡೆ ಬೀಟರುಗಳು. ಒಬ್ಬನ ಕೋಟಿಗೆ ಗುಂಡಿಯೇ ಇಲ್ಲ, ಹುಲ್ಲುಕಟ್ಟುವ ನೀಲಿ ದಾರ ಬಿಗಿದಿದ್ದ. ಇನ್ನೊಬ್ಬನ ಮೊಣಕೈಗೆ ಟೇಪು. ನಮ್ಮ ಯಜಮಾನರ ಕೋಟಿನ ಜೇಬು ಹರಿದು, ಅದರಲ್ಲಿಟ್ಟಿದ್ದು ಒಳಪದರದಲ್ಲಿ ಬೆನ್ನ ಹಿಂದಿನವರೆಗೆ ಪ್ರಯಾಣ ಮಾಡುತ್ತಿತ್ತು. ನಡುವೆ ನಾನು, ದೀಪಾವಳಿಯ ಆಕಾಶಬುಟ್ಟಿಯಂತೆ. ಗೇಮ್‌ಕೀಪರ್, ಅಂದರೆ ಬೇಟೆಹಕ್ಕಿಗಳ ಉಸ್ತುವಾರಿ ನೋಡುವವನು, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಗುಡ್ ಮಾರ್ನಿಂಗ್" ಅಂದ. ಅದಕ್ಕೆ ಮುಂಚೆ ಅವನು ತೆಗೆದುಕೊಂಡ ಉಸಿರು ಇನ್ನೂ ನೆನಪಿದೆ.

ಮೊದಲ ನುಗ್ಗು ಕೇಲ್ ಹೊಲದಲ್ಲಿ. ಬೆಂಗಳೂರಿನ ಹೋಟೆಲುಗಳಲ್ಲಿ ಬಿಳಿ ತಟ್ಟೆಯಲ್ಲಿ ನಾಲ್ಕೆಲೆ ಇಟ್ಟು ದುಡ್ಡು ಕೀಳುವ ಸೊಪ್ಪೇ ಇದು. ಇಲ್ಲಿ ಹಕ್ಕಿ ಅಡಗಲಿ ಅಂತ ಬೆಳೆಸುತ್ತಾರೆ, ಸೊಂಟದೆತ್ತರ. ರಾತ್ರಿಯೆಲ್ಲ ಮಳೆ ಬಂದಿತ್ತು. ಒಂದೊಂದು ಎಲೆಯೂ ಒಂದೊಂದು ದೊನ್ನೆ. ಮೈ ತಾಗಿದ್ದೇ ತಡ, ದೊನ್ನೆ ತೊಡೆಗೆ ಬಗ್ಗುತ್ತದೆ, ನೀರು ಪ್ಲಾಸ್ಟಿಕ್ ಪ್ಯಾಂಟಿನ ಮೇಲೆ ಸರ್‍ರನೆ ಇಳಿದು ನೇರ ಬೂಟಿನೊಳಗೆ. ಮಾಡಿನ ದೋಣಿಯಿಂದ ಹಂಡೆಗೆ ಮಳೆನೀರು ಹಿಡಿಯುತ್ತೇವಲ್ಲ, ನಾನು ಬೆಳಿಗ್ಗೆ ಅಷ್ಟು ಮುತುವರ್ಜಿಯಿಂದ ಮಾಡಿಕೊಂಡದ್ದು ಅದೇ ಏರ್ಪಾಟು. ಇಪ್ಪತ್ತು ಹೆಜ್ಜೆಗೆ ಎಡಗಾಲು ಪಚಕ್, ಮೂವತ್ತಕ್ಕೆ ಬಲಗಾಲು ಪಚಕ್. ಪಕ್ಕದಲ್ಲಿದ್ದ ಯಜಮಾನರು ತಿರುಗಿಯೂ ನೋಡದೆ, "ಪ್ಯಾಂಟು ಬೂಟಿನ ಹೊರಗೆ ಇರಬೇಕು ಮಾರಾಯ, ಒಳಗಲ್ಲ" ಅಂದರು. ಕಿವಿಯಿಂದಲೇ ಪತ್ತೆ ಮಾಡಿದ್ದರು.

ಹೊಲದ ಅಂಚಿನಲ್ಲಿ ಬೂಟು ಕಳಚಿ ಬೋರಲು ಹಾಕಿದೆ. ಒಂದೊಂದರಿಂದ ಒಂದೊಂದು ಚೊಂಬು. ಈ ಬೂಟಿನ ಹೆಸರಿನವನು, ಡ್ಯೂಕ್ ಆಫ್ ವೆಲ್ಲಿಂಗ್ಟನ್, ಆ ಪದವಿಗೇರುವ ಎಷ್ಟೋ ಮುಂಚೆ ಬರೀ ಕರ್ನಲ್ ವೆಲ್ಲೆಸ್ಲಿಯಾಗಿ 1799ರ ಏಪ್ರಿಲಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿಗೆ ರಾತ್ರಿ ನುಗ್ಗಿದ್ದ. ಕತ್ತಲೆ, ಕಾಲುವೆ, ಮೇಲಿಂದ ಟಿಪ್ಪುವಿನ ಕಡೆಯವರ ಗುಂಡು. ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ವಾಪಸು ಬಂದ. ಆಗ ಅವನ ಕಾಲಲ್ಲಿ ಏನಿತ್ತೋ, ರಬ್ಬರಿನದಂತೂ ಅಲ್ಲ, ಅದು ಎಷ್ಟೋ ದಶಕದ ಮೇಲೆ ಬಂದದ್ದು. ನಮ್ಮ ಕಾಲುವೆ ನೀರು ಅವನಿಗೆ ಕೊಟ್ಟ ಕಾಟದ ಬಾಕಿಯನ್ನು ಅವರ ಕೇಲ್ ಹೊಲ ನನ್ನಿಂದ ವಸೂಲು ಮಾಡಿತು ಅಂದುಕೊಂಡೆ. ಸಮಾಧಾನವೇನೂ ಆಗಲಿಲ್ಲ, ಕಾಲುಚೀಲ ಒದ್ದೆಯೇ ಇತ್ತು.

ಎರಡನೆಯದು ಮುಳ್ಳಿನ ಕಾಡು. ಬ್ಲ್ಯಾಕ್‌ಥಾರ್ನ್ ಅನ್ನುವ ಗಿಡ, ನಮ್ಮ ಕಾರೆಮುಳ್ಳಿನ ಜಾಯಮಾನದ್ದು. ಕೆಳಗೆ ಬ್ರಾಂಬಲ್ ಬಳ್ಳಿ. ಅತ್ತೆಯ ಗ್ಲೌಸಿನ ಒಂದೆಳೆ ಬಳ್ಳಿಗೆ ಸಿಕ್ಕಿ, ನಾನು ಮುಂದೆ ನಡೆದ ಹಾಗೆ ಅದು ಹಿಂದೆ ಬಿಚ್ಚಿಕೊಳ್ಳುತ್ತಾ ಬಂತು. ಅದನ್ನು ಬಿಡಿಸಲು ಬಗ್ಗಿದೆ. ಬೆನ್ನ ಮೇಲೆ 'ಪರ್' ಅಂತ ಶಬ್ದ. ತಿರುಗಿದರೆ ಗಾಳಿಯಲ್ಲಿ ಬಿಳೀ ಪುಕ್ಕ, ಮೆಲ್ಲಗೆ, ನಿಧಾನವಾಗಿ, ಸಿನಿಮಾದ ಕನಸಿನ ಹಾಡಿನ ಹಾಗೆ. ಅದೇ ಹೊತ್ತಿಗೆ ಆಚೆ ಗುಂಡು ಹಾರಿದವು. ಎತ್ತರದಿಂದ ಬಲಗುಂದಿ ಇಳಿದ ಚರೆಗುಂಡು ಒಣಗಿದ ಎಲೆಗಳ ಮೇಲೆ ಅಕ್ಕಿ ಚೆಲ್ಲಿದಂತೆ ಉದುರಿತು. ಬಿದ್ದ ಹಕ್ಕಿ ಹುಡುಕಲು ತರಬೇತಾದ ಒಂದು ಸ್ಪ್ಯಾನಿಯಲ್ ನಾಯಿ ಓಡೋಡಿ ಬಂತು. ಗುಂಡಿನ ಸದ್ದು ಕೇಳಿದೆ, ಪುಕ್ಕ ಹಾರುತ್ತಿದೆ. ಅದರ ಲೆಕ್ಕ ಸರಿಯಾಗಿಯೇ ಇತ್ತು. ನನ್ನೆದುರು ನಿಂತು ಮೇಲಿಂದ ಕೆಳಗೆ ನೋಡಿತು. ಇದನ್ನು ಕಚ್ಚಿಕೊಂಡು ಹೋಗುವುದು ಹೇಗೆ ಅಂತ ಅದು ಯೋಚಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಇಷ್ಟಾದ ಮೇಲೆ ಕೀಪರ್ ಬಂದ. ಈಗ ಮನೆಗೆ ಕಳಿಸುತ್ತಾನೆ ಅಂದುಕೊಂಡೆ. ಅವನು ಹೇಳಿದ್ದೇ ಬೇರೆ. ನಮ್ಮ ಸಾಲಿನಲ್ಲಿ ನಾನಿದ್ದ ಕಡೆಯ ಹಕ್ಕಿಗಳೆಲ್ಲ ನನ್ನನ್ನು ಕಂಡು ಅಡ್ಡ ತಿರುಗಿ ಹೋಗಿದ್ದವಂತೆ. ಹಕ್ಕಿ ಹಾಗೆ ಪಕ್ಕದಿಂದ ನುಸುಳದಿರಲಿ ಅಂತ ಕಾಡಿನ ಮೂಲೆಯಲ್ಲಿ ಒಬ್ಬರನ್ನು ನಿಲ್ಲಿಸುತ್ತಾರೆ, ಅವರಿಗೆ 'ಸ್ಟಾಪ್' ಅನ್ನುತ್ತಾರೆ. ಕೈಗೆ ಗೊಬ್ಬರದ ಚೀಲ ಕತ್ತರಿಸಿ ಮಾಡಿದ ಬಾವುಟ ಕೊಡುವುದೂ ಉಂಟು. "ನಿನಗೆ ಬಾವುಟ ಬೇಡ" ಅಂದ ಕೀಪರ್, ನನ್ನ ಜಾಕೆಟ್ ನೋಡಿ, ತುಂಬ ಮರ್ಯಾದೆಯಿಂದ.

ನಡೆಯುವಾಗ ಬೆವರು, ನಿಂತಾಗ ಚಳಿ. ಈ ಕೆಲಸದ ಬಟ್ಟೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ, ಅಂಗಡಿಯವನಿಗೆ ಇದು ಗೊತ್ತಿಲ್ಲ. ಒಂದು ಗಂಟೆ ಒಂದೇ ಬೇಲಿಗೂಟ ತಟ್ಟುತ್ತಾ ನಿಂತೆ. ಒದ್ದೆ ಜೀನ್ಸು ತೊಡೆಗೆ ಅಂಟಿ ತಣ್ಣಗೆ ಕೊರೆಯುತ್ತಿತ್ತು. ಹತ್ತಿಬಟ್ಟೆ ನೀರು ಕುಡಿದರೆ ಮೈ ಬಿಸಿಯನ್ನೂ ಕುಡಿಯುತ್ತದೆ. ಉಣ್ಣೆ ಹಾಗಲ್ಲ, ನೆಂದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಅಜ್ಜನ ಕಂಬಳಿ ನೆನಪಾಯಿತು. ಕುರುಬರು ನೇಯ್ದು, ಹುಣಸೆಬೀಜದ ಗಂಜಿ ತಿಕ್ಕಿ ಬಿರುಸು ಮಾಡಿ ಕೊಟ್ಟದ್ದು, ಮಳೆಹನಿ ಬಿದ್ದರೆ ಜಾರಿ ಹೋಗುತ್ತಿತ್ತು. ಮಧ್ಯಾಹ್ನ ಟ್ರೈಲರಿನಲ್ಲಿ ಹುಲ್ಲಿನ ಪಿಂಡಿ ಮೇಲೆ ಕೂತು ಬಿಸಿ ಸೂಪು ಕುಡಿಯುತ್ತಾ ಯಜಮಾನರಿಗೆ ಇದನ್ನು ಹೇಳಿದೆ. ಅವರು ತಮ್ಮ ಕೋಟಿನ ತೋಳು ಮೂಸಲು ಕೊಟ್ಟರು. ಹತ್ತಿಬಟ್ಟೆಗೆ ಮೇಣ ಕುಡಿಸಿದ್ದು, ಅಪ್ಪನ ಕಾಲದ್ದು. ವರ್ಷಕ್ಕೊಮ್ಮೆ ಮೇಣ ತಿಕ್ಕುತ್ತಾರೆ, ಮೆಷಿನ್ನಿಗೆ ಹಾಕಿದರೆ ಸತ್ತೇ ಹೋಯಿತು. ನಾಯಿ, ಡೀಸೆಲ್, ಹೊಗೆಸೊಪ್ಪು ಮೂರೂ ಸೇರಿದ ವಾಸನೆ. ನಮ್ಮ ಮನೆ ಕಂಬಳಿಯದ್ದೂ ಹೆಚ್ಚುಕಮ್ಮಿ ಅದೇ, ಡೀಸೆಲ್ ಬದಲು ದನ.

ಸಂಜೆ ಕೂಲಿಯ ಜೊತೆ ಒಂದು ಜೋಡಿ ಫೆಸೆಂಟ್, ಕುತ್ತಿಗೆಗೆ ದಾರ ಕಟ್ಟಿ, ಕೈಗೆ ಕೊಟ್ಟರು. ಮನೆ ಬಾಗಿಲು ತೆರೆದ ಹೆಂಡತಿ ಮೊದಲು ನನ್ನನ್ನು, ಆಮೇಲೆ ಹಕ್ಕಿಯನ್ನು, ಮತ್ತೆ ನನ್ನನ್ನು ನೋಡಿ, "ಪುಕ್ಕ ತರಿಯೋದು ಯಾವುದರದ್ದು?" ಅಂದಳು.

ಆ ವಾರವೇ ನಾನು ಕೂಲಿಗಿಂತ ನಾಲ್ಕು ಪಟ್ಟು ಖರ್ಚು ಮಾಡಿ ಎಲ್ಲ ಸರಿಪಡಿಸಿಕೊಂಡೆ. ಸೆಗಣಿ ಹಸಿರಿನ ದಪ್ಪ ಕೋಟು, ಮುಳ್ಳು ಹೊಗದ ಮೇಲುಪ್ಯಾಂಟು, ತೊಗಲಿನ ಗ್ಲೌಸು, ಉಣ್ಣೆಯ ಎರಡು ಜೊತೆ ಕಾಲುಚೀಲ. ಮುಂದಿನ ಶನಿವಾರ ಪ್ಯಾಂಟನ್ನು ಬೂಟಿನ ಹೊರಗೆ ಬಿಟ್ಟುಕೊಂಡು, ಹುಟ್ಟಿದಾಗಿನಿಂದ ಯಾರ್ಕ್‌ಷೈರಿನ ಕೆಸರಲ್ಲೇ ಬೆಳೆದವನಂತೆ, ಬೀಟರುಗಳ ನಡುವೆ ನಿಂತೆ. ಕೀಪರ್ ತಲೆ ಎಣಿಸುತ್ತಾ ಬಂದವನು ನನ್ನನ್ನು ದಾಟಿ ಹೋದ, ನಿಂತ, ಹಿಂದೆ ತಿರುಗಿದ. ಅವನ ಮುಖ ಸಪ್ಪಗಾಯಿತು.

"ಅಯ್ಯೋ," ಅಂದ, "ಆ ಕಿತ್ತಳೆದು ತರಲಿಲ್ವಾ?"