ಬಿದ್ದವನನ್ನು ನೋಡಿ ಕೇಕೆ ಹಾಕುವವರು ನನ್ನ ಪಕ್ಕ ಕೂರಬೇಡಿ

ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಆದ ಮೋಟೋಜಿಪಿ 2023ರ ಸೆಪ್ಟೆಂಬರಿನಲ್ಲಿ ಕೊನೆಗೂ ಭಾರತಕ್ಕೆ ಬಂತು, ಹೋಗಿ ನೋಡಿಕೊಂಡು ಬಂದೆ. ಹೇಗಿತ್ತು ಹೇಗಿತ್ತು ಎಂದು ಕೇಳುತ್ತಿರುವ ಎಲ್ಲರಿಗೂ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ರೇಸ್ ಅದ್ಭುತವಾಗಿತ್ತು. ಆದರೆ ನನ್ನ ಹಿಂದಿನ ಸಾಲುಗಳಲ್ಲಿ ಕೂತಿದ್ದವರ ಮೇಲಿನ ಸಿಟ್ಟು ಬೆಂಗಳೂರಿಗೆ ಬಂದ ಮೇಲೂ ಆರಿಲ್ಲ.

ಕಾರಣ ಒಂದೇ. ಸವಾರ ಬಿದ್ದಾಗ ಅವರು ಎದ್ದು ನಿಂತು ಕೇಕೆ ಹಾಕಿದರು. ಒಮ್ಮೆ ಬಾಯಿ ತಪ್ಪಿ ಬಂದ ಕೂಗಾಗಿದ್ದರೆ ಮರೆತುಬಿಡುತ್ತಿದ್ದೆ. ಶನಿವಾರವೂ ಕೂಗಿದರು, ಭಾನುವಾರವೂ ಕೂಗಿದರು.

ಸಂತೋಷದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟಿನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದಿತ್ತು, ಮೂರು ವರ್ಷವೂ ವೆಟೆಲ್ ಗೆದ್ದಿದ್ದ. ಆಮೇಲೆ ಅಷ್ಟು ದೊಡ್ಡ ರೇಸಿಗಾಗಿ ಹತ್ತು ವರ್ಷ ಕಾಯಬೇಕಾಯಿತು. ಟಿವಿಯಲ್ಲಿ ಈ ಬೈಕುಗಳನ್ನು ಎಷ್ಟು ವರ್ಷ ನೋಡಿದ್ದರೂ ಎದುರಿಗೆ ನಿಂತಾಗ ಆಗುವ ಅನುಭವವೇ ಬೇರೆ. ಸಾವಿರ ಸಿಸಿ ಎಂಜಿನ್, ತೂಕ ಮಾತ್ರ ನಮ್ಮ ರಸ್ತೆಯ ಬುಲೆಟ್‌ಗಿಂತ ಕಡಿಮೆ. ಪಿಟ್ ಎದುರಿನ ನೇರ ದಾರಿಯಲ್ಲಿ ಅವು ಹಾದುಹೋಗುವಾಗ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ. ನಾನು ಸದ್ದಿಗಿಂತಲೂ ಹೆಚ್ಚು ನೋಡಿದ್ದು ಬ್ರೇಕ್ ಹಿಡಿಯುವ ಕ್ಷಣವನ್ನು. ಅಷ್ಟು ವೇಗದಲ್ಲಿ ಬಂದ ಸವಾರ ಸಟ್ಟನೆ ಎದೆ ಎತ್ತಿ ಕೂರುತ್ತಾನೆ, ಹಿಂದಿನ ಚಕ್ರ ನೆಲದಿಂದ ಮೇಲೇಳುತ್ತದೆ, ಗೇರುಗಳು ಒಂದರ ಹಿಂದೊಂದು ಪಟಪಟನೆ ಇಳಿಯುತ್ತವೆ, ಒಳಗಿನ ಕಾಲು ಕಳಚಿಕೊಂಡಂತೆ ಗಾಳಿಯಲ್ಲಿ ತೇಲುತ್ತದೆ. ಮುಂದಿನ ಕ್ಷಣ ಅವನ ಮೊಣಕೈ ನೆಲ ಸವರುತ್ತಿರುತ್ತದೆ. ಇಷ್ಟೆಲ್ಲ ಆಗುವಾಗ ಅವನು ರಸ್ತೆಗೆ ಅಂಟಿಕೊಂಡಿರುವುದು ಅಂಗೈಯಗಲದ ರಬ್ಬರಿನಿಂದ. ಅದನ್ನು ಕಣ್ಣಾರೆ ಕಂಡವನಿಗೆ ಬೀಳುವುದೆಂದರೆ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ಶನಿವಾರದ ಸ್ಪ್ರಿಂಟ್, ಅಂದರೆ ಮುಖ್ಯ ರೇಸಿಗೆ ಮೊದಲಿನ ಚಿಕ್ಕ ರೇಸ್, ಮಳೆಯಿಂದ ತಡವಾಗಿ ಶುರುವಾಯಿತು. ಮೊದಲ ತಿರುವಿನಲ್ಲೇ ಲೂಕಾ ಮರಿನಿ ತನ್ನದೇ ತಂಡದ ಬೆಜ್ಜೆಕ್ಕಿಗೆ ಡಿಕ್ಕಿ ಹೊಡೆದ. ಬೆಜ್ಜೆಕ್ಕಿ ಸಾಲಿನ ಕೊನೆಗೆ ಹೋಗಿಬಿದ್ದು, ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಐದನೆಯವನಾಗಿ ಬಂದ. ಮರಿನಿಯ ಕಾಲರ್ ಮೂಳೆ ಮುರಿದಿತ್ತು. ಆ ಡಿಕ್ಕಿಯನ್ನು ದೊಡ್ಡ ಪರದೆಯಲ್ಲಿ ಮತ್ತೆ ತೋರಿಸಿದಾಗಲೆಲ್ಲ ನನ್ನ ಹಿಂದೆ ಶಿಳ್ಳೆ. ಒಬ್ಬನ ಮೂಳೆ ಮುರಿಯುವುದನ್ನು ನಿಧಾನಗತಿಯಲ್ಲಿ ನೋಡಿ ಶಿಳ್ಳೆ ಹೊಡೆಯುವುದು ಯಾವ ಬಗೆಯ ಅಭಿಮಾನ?

ಭಾನುವಾರ ಸ್ಟ್ಯಾಂಡ್ ಎರಡು ಪಂಗಡವಾಯಿತು. ಹಳದಿ ಟೋಪಿ, 46 ಸಂಖ್ಯೆಯ ಅಂಗಿ ತೊಟ್ಟ, ಇಟಲಿಯ ಸವಾರ ವಲೆಂಟಿನೊ ರೊಸ್ಸಿಯ ಅಭಿಮಾನಿಗಳು ಒಂದು ಕಡೆ. ರೊಸ್ಸಿ 2021ರಲ್ಲೇ ನಿವೃತ್ತನಾದರೂ ಅವನ ತಂಡ, ಅವನ ಅಕಾಡೆಮಿಯಲ್ಲಿ ಪಳಗಿದ ಹುಡುಗರು ಕಣದಲ್ಲಿದ್ದಾರೆ. ಕೆಂಪು ಬಣ್ಣದ, 93 ಸಂಖ್ಯೆಯ, ಸ್ಪೇನಿನ ಸವಾರ ಮಾರ್ಕ್ ಮಾರ್ಕೆಜ್‌ನ ಅಭಿಮಾನಿಗಳು ಇನ್ನೊಂದು ಕಡೆ. ಮಾರ್ಕೆಜ್ ಬಿದ್ದಾಗ ಹಳದಿಯವರು ಕುಣಿದರು. ಅವನು ಬೈಕ್ ಎತ್ತಿಕೊಂಡು ಮತ್ತೆ ಹತ್ತಿ ಒಂಬತ್ತನೆಯವನಾಗಿ ಮುಗಿಸಿದ, ಅದಕ್ಕೆ ಯಾರೂ ಕುಣಿಯಲಿಲ್ಲ. ರೊಸ್ಸಿಯ ಅಕಾಡೆಮಿಯಲ್ಲೇ ಪಳಗಿದ, ಎರಡನೇ ಸ್ಥಾನದಲ್ಲಿದ್ದ ಬನ್ಯಾಯಾ ಐದನೇ ತಿರುವಿನಲ್ಲಿ ಮುಂದಿನ ಚಕ್ರದ ಹಿಡಿತ ತಪ್ಪಿ ಜಾರಿ ಬಿದ್ದಾಗ ಕೆಂಪಿನವರ ಸರದಿ. ಲೆಕ್ಕ ಚುಕ್ತಾ ಆಯಿತು ಎಂದು ಒಬ್ಬ ಕೂಗಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಈ ಬನ್ಯಾಯಾ ಮೂರು ವಾರಗಳ ಹಿಂದಷ್ಟೇ ಬಾರ್ಸಿಲೋನಾ ರೇಸಿನ ಮೊದಲ ಲ್ಯಾಪಿನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಬೈಕಿನಿಂದ ಮೇಲಕ್ಕೆ ಚಿಮ್ಮಿ ಟ್ರ್ಯಾಕಿನ ನಡುವೆ ಬಿದ್ದಿದ್ದ. ಹಿಂದೆ ಬರುತ್ತಿದ್ದ ಸವಾರ ಬ್ರಾಡ್ ಬೈಂಡರ್‌ನ ಬೈಕ್ ಅವನ ಕಾಲಿನ ಮೇಲೆ ಹರಿದುಹೋಯಿತು. ಮೂಳೆ ಮುರಿಯದೆ ಉಳಿದದ್ದು ಅವನ ಪುಣ್ಯ. ಮಾರ್ಕೆಜ್ 2020ರಲ್ಲಿ ಸ್ಪೇನಿನ ಜೆರೆಜ್‌ನಲ್ಲಿ ಬಿದ್ದು ಮುರಿದುಕೊಂಡ ಬಲತೋಳಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಅಷ್ಟರಲ್ಲಾಗಲೇ ಆರು ಸಲ ಅತ್ಯುನ್ನತ ವಿಭಾಗದ ಚಾಂಪಿಯನ್ ಆಗಿದ್ದವನ ಅತ್ಯುತ್ತಮ ವರ್ಷಗಳು ಆಸ್ಪತ್ರೆಯಲ್ಲಿ ಕಳೆದುಹೋದವು. ಈ ಇಬ್ಬರು ಬಿದ್ದರೆಂದು ಕುಣಿಯಬೇಕಾದರೆ ಇದನ್ನೆಲ್ಲ ಮರೆತಿರಬೇಕು, ಇಲ್ಲವೇ ಗೊತ್ತಿದ್ದೂ ಕುಣಿಯಬೇಕು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನನಗೆ ತೀರ್ಮಾನಿಸಲಾಗುತ್ತಿಲ್ಲ.

ಹಳೆಯ ಗೆಳೆಯರಿಗೆ ನನ್ನ ಹಿನ್ನೆಲೆ ಗೊತ್ತು. ಅಪ್ಪನ ಯೆಜ್ಡಿಯಲ್ಲಿ ಶುರುವಾದ ಹುಚ್ಚು ನನ್ನನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಮಾರ್ಷಲ್ ಆಗಿ ಕರೆದೊಯ್ದಿತು. ವಾರಾಂತ್ಯದಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿ, ಬಿಸಿಲಿನಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ. ಟಿವಿಯಲ್ಲಿ ಬಾವುಟ ಬೀಸುವವರನ್ನು ಯಾರೂ ಗಮನಿಸುವುದಿಲ್ಲ. ಸವಾರ ಬಿದ್ದ ತಕ್ಷಣ ಒಬ್ಬರು ಹಳದಿ ಬಾವುಟ ಬೀಸಬೇಕು. ಉಳಿದವರು ಓಡಬೇಕು, ಆದರೆ ಎದುರಿನಿಂದ ಬರುವ ಬೈಕುಗಳಿಗೆ ಎಂದೂ ಬೆನ್ನು ತೋರಿಸಬಾರದು. ಒಬ್ಬರು ಬೈಕನ್ನು ಎಳೆದು ದೂರ ಸಾಗಿಸುತ್ತಾರೆ, ಇನ್ನೊಬ್ಬರು ಸವಾರನ ಬಳಿ ಮಂಡಿಯೂರುತ್ತಾರೆ. ಹೆಲ್ಮೆಟ್‌ಗೆ ಕೈ ಹಾಕುವಂತಿಲ್ಲ, ಅವನನ್ನು ಹೊರಳಿಸುವಂತಿಲ್ಲ, ಡಾಕ್ಟರ್ ಬರುವವರೆಗೆ ಕಾಯಬೇಕು. ಅವನ ಹೆಲ್ಮೆಟ್ಟಿನ ಗಾಜಿನೊಳಗೆ ಕಣ್ಣು ತೆರೆದಿದೆಯೇ, ಬೆರಳು ಅಲುಗಾಡುತ್ತಿದೆಯೇ, ನಮ್ಮ ಪ್ರಶ್ನೆಗೆ ಗೋಣು ಹಾಕುತ್ತಿದ್ದಾನೆಯೇ ಎಂದು ನೋಡುವ ಆ ಹೊತ್ತು ನನಗೆ ಚೆನ್ನಾಗಿ ಗೊತ್ತು. ಸುಟ್ಟ ರಬ್ಬರಿನ ವಾಸನೆ, ಚೆಲ್ಲಿದ ಪೆಟ್ರೋಲಿನ ವಾಸನೆ, ಬಿಸಿ ಎಂಜಿನ್ನಿನ ಟಿಕ್ ಟಿಕ್ ಸದ್ದು. ಸ್ಟ್ಯಾಂಡಿನಲ್ಲಿ ಕೂತವರು ಏನು ಕೂಗುತ್ತಿದ್ದಾರೆ ಎಂಬುದು ಆಗ ಕಿವಿಗೆ ಬೀಳುವುದಿಲ್ಲ. ಈ ಸಲ ನಾನೇ ಸ್ಟ್ಯಾಂಡಿನಲ್ಲಿದ್ದೆ, ಹಾಗಾಗಿ ಕೇಳಿಸಿತು.

2023ರ ಆಗಸ್ಟ್ 5ರ ಶನಿವಾರ ಅದೇ ಟ್ರ್ಯಾಕಿನಲ್ಲಿ ನಮ್ಮ ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದು ತೀರಿಕೊಂಡ. ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಆ ದಿನ ನಾನು ಅಲ್ಲಿರಲಿಲ್ಲ, ಫೋನಿನಲ್ಲಿ ಸುದ್ದಿ ತಿಳಿಯಿತು. ಆ ವಾರಾಂತ್ಯದ ಉಳಿದ ರೇಸುಗಳನ್ನೆಲ್ಲ ರದ್ದು ಮಾಡಿದರು. ಅಂದಿನಿಂದ ನನಗೊಂದು ಕಷ್ಟ ಶುರುವಾಗಿದೆ. ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ರೇಸಿನ ಮೊದಲ ತಿರುವು ಬಂದಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಎಲ್ಲರೂ ಗುಂಪಾಗಿ ಒಳನುಗ್ಗಿ ಎಲ್ಲರೂ ಹೊರಬಂದರೆಂದು ಜನರ ಸದ್ದಿನಿಂದ ತಿಳಿದ ಮೇಲೆಯೇ ತೆರೆಯುತ್ತೇನೆ. ಶನಿವಾರ ಹಾಗೆಯೇ ಮುಚ್ಚಿಕೊಂಡಿದ್ದೆ. ಕೇಕೆ ಕೇಳಿ, ಎಲ್ಲರೂ ಸುರಕ್ಷಿತವಾಗಿ ದಾಟಿರಬೇಕೆಂದು ನೆಮ್ಮದಿಯಿಂದ ಕಣ್ಣು ಬಿಟ್ಟೆ. ಅಲ್ಲಿ ಮರಿನಿ ಬಿದ್ದಿದ್ದ. ಆ ಕೇಕೆ ಅವನು ಬಿದ್ದದ್ದಕ್ಕೇ ಎಂದು ಅರ್ಥವಾದಾಗ ನನ್ನ ಮೈಯೆಲ್ಲ ಉರಿಯಿತು.

46ರ ಅಂಗಿ ತೊಟ್ಟವರಿಗೆ ನಾನು ಕೇಳಬೇಕಾದದ್ದು ಇನ್ನೂ ಇದೆ. 2011ರ ಅಕ್ಟೋಬರ್ 23, ಮಲೇಷ್ಯಾದ ಸೆಪಾಂಗ್, ಎರಡನೇ ಲ್ಯಾಪ್. ಇಟಲಿಯ ಸವಾರ ಮಾರ್ಕೊ ಸಿಮೊನ್ಚೆಲ್ಲಿ ಬಿದ್ದು, ಜಾರಿ, ಹಿಂದಿನಿಂದ ಬರುತ್ತಿದ್ದವರ ದಾರಿಗೆ ಅಡ್ಡವಾದ. ಅವನಿಗೆ ಬಡಿದದ್ದು ಕಾಲಿನ್ ಎಡ್ವರ್ಡ್ಸ್ ಮತ್ತು ರೊಸ್ಸಿಯ ಬೈಕುಗಳು. ರೊಸ್ಸಿಗೆ ಅವನು ತಮ್ಮನಂತಿದ್ದ ಗೆಳೆಯ. ಇಪ್ಪತ್ತನಾಲ್ಕು ವರ್ಷದ ಹುಡುಗ ಆ ದಿನ ತೀರಿಕೊಂಡ, ಇಟಲಿಯ ಮಿಸಾನೊ ಟ್ರ್ಯಾಕಿಗೆ ಈಗ ಅವನ ಹೆಸರಿದೆ. ಅಷ್ಟನ್ನು ಹೊತ್ತು ಬದುಕುತ್ತಿರುವ ಮನುಷ್ಯನ ಸಂಖ್ಯೆಯನ್ನು ಬೆನ್ನ ಮೇಲೆ ಬರೆಸಿಕೊಂಡು, ಇನ್ನೊಬ್ಬ ಬಿದ್ದನೆಂದು ಕುಣಿಯುವುದು ಹೇಗೆ ಸಾಧ್ಯ? 2015ರಲ್ಲಿ ಅದೇ ಸೆಪಾಂಗ್‌ನಲ್ಲಿ ರೊಸ್ಸಿ ಮತ್ತು ಮಾರ್ಕೆಜ್ ಕಿತ್ತಾಡಿದ್ದು ನನಗೂ ನೆನಪಿದೆ. ಮಾರ್ಕೆಜ್ ಬಿದ್ದ, ದಂಡನೆಯಾಗಿ ರೊಸ್ಸಿ ಮುಂದಿನ ವಲೆನ್ಸಿಯಾ ರೇಸನ್ನು ಸಾಲಿನ ಕೊನೆಯಿಂದ ಆರಂಭಿಸಿದ, ಐದು ಅಂಕಗಳ ಅಂತರದಲ್ಲಿ ಆ ವರ್ಷದ ಪ್ರಶಸ್ತಿ ಲೊರೆಂಜೊ ಪಾಲಾಯಿತು. ನನಗೂ ಆಗ ಹೊಟ್ಟೆ ಉರಿದಿತ್ತು. ಆ ಹೊಟ್ಟೆಯುರಿಯನ್ನು ಎಂಟು ವರ್ಷ ಕಾಪಾಡಿಕೊಂಡು ಬಂದು ಒಬ್ಬನ ಬೀಳುವಿಕೆಯಲ್ಲಿ ತೀರಿಸಿಕೊಳ್ಳಬೇಕೆಂದು ಮಾತ್ರ ಎಂದೂ ಅನಿಸಿಲ್ಲ.

ನನ್ನ ಜೊತೆ ಬಂದಿದ್ದ ಅಕ್ಕನ ಮಗ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ವಾದಕ್ಕಿಳಿದ. “ಮಾಮ, ಚಿನ್ನಸ್ವಾಮಿಯಲ್ಲಿ ಎದುರಾಳಿಯ ವಿಕೆಟ್ ಬಿದ್ದಾಗ ನೀವೇ ಕುರ್ಚಿ ಮೇಲೆ ಹತ್ತಿ ಕೂಗುವುದಿಲ್ಲವೇ? ಇದೂ ಹಾಗೆಯೇ. ಅವರಿಗೆ ಬೇಕಾದದ್ದು ತಮ್ಮವನ ಗೆಲುವು, ಬೇರೆಯವನ ಸಾವಲ್ಲ” ಎಂದ. ಹುಡುಗ ಒಳ್ಳೆಯವನು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಈಗ ಸವಾರರ ಉಡುಪಿನಲ್ಲಿ ಏರ್‌ಬ್ಯಾಗ್ ಇರುತ್ತದೆ, ಹೆಚ್ಚಿನವರು ಎದ್ದು ಧೂಳು ಕೊಡವಿಕೊಂಡು ನಡೆದುಹೋಗುತ್ತಾರೆ ಎಂದೂ ಸೇರಿಸಿದ. ನಿಜ, 2018ರಿಂದ ಏರ್‌ಬ್ಯಾಗ್ ಕಡ್ಡಾಯ. ಆದರೂ 2021ರಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಬಿದ್ದ ಹತ್ತೊಂಬತ್ತು ವರ್ಷದ ಸವಾರ ಜೇಸನ್ ಡುಪಾಸ್ಕಿಯೆ ಉಳಿಯಲಿಲ್ಲ. ಏರ್‌ಬ್ಯಾಗ್ ನೆಲದ ಪೆಟ್ಟನ್ನು ತಡೆದೀತು, ಹಿಂದಿನಿಂದ ಬರುವ ಇನ್ನೊಂದು ಬೈಕನ್ನು ತಡೆಯುತ್ತದೆಯೇ? ವಿಕೆಟ್ ಒಪ್ಪಿಸಿದವನು ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ಪೆವಿಲಿಯನ್‌ಗೆ ನಡೆಯುತ್ತಾನೆ, ಅವನು ನಡೆಯಬಲ್ಲನೇ ಎಂದು ಯಾರೂ ಉಸಿರು ಬಿಗಿಹಿಡಿದು ನೋಡುವುದಿಲ್ಲ. ಎದ್ದು ಕೈ ಬೀಸಿದ ಮೇಲೆ ಚಪ್ಪಾಳೆ ತಟ್ಟಿ, ನಾನೂ ತಟ್ಟುತ್ತೇನೆ. ಅವನು ಇನ್ನೂ ಉರುಳುತ್ತಿರುವಾಗ ತಟ್ಟುವ ಚಪ್ಪಾಳೆಗೆ ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ. ಬಿದ್ದವನು ಸುರಕ್ಷಿತನೆಂದು ತಿಳಿಯುವವರೆಗೆ ಟಿವಿ ಪ್ರಸಾರದವರು ಕೂಡ ಸಾಮಾನ್ಯವಾಗಿ ಅದನ್ನು ಮತ್ತೆ ತೋರಿಸುವುದಿಲ್ಲ. ಕ್ಯಾಮೆರಾ ಹಿಡಿದವರಿಗಿರುವ ಸಂಯಮ ಟಿಕೆಟ್ ಕೊಂಡವರಿಗೆ ಬೇಡವೇ?

ಇನ್ನೂ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಭಾನುವಾರದ ರೇಸಿನಲ್ಲಿ ಬೆಜ್ಜೆಕ್ಕಿ ಎಂಟು ಸೆಕೆಂಡಿಗೂ ಹೆಚ್ಚು ಮುಂದಿದ್ದ, ಗೆಲುವು ಖಚಿತವಾಗಿತ್ತು. ಬೀಳುವವರು ಯಾರೂ ಉಳಿದಿಲ್ಲವೆಂಬಂತೆ ಹಿಂದಿನ ಸಾಲಿನ ಹಲವರು ಕೊನೆಯ ಲ್ಯಾಪುಗಳು ಇರುವಾಗಲೇ ಎದ್ದು ಹೊರಟರು. ಹಾಗೆ ಹೋದವರು ಕಳೆದುಕೊಂಡದ್ದು ಇಡೀ ವಾರಾಂತ್ಯದ ದೊಡ್ಡ ಹೋರಾಟವನ್ನು. ಸೆಕೆ ಎಷ್ಟಿತ್ತೆಂದರೆ 24 ಲ್ಯಾಪುಗಳ ರೇಸನ್ನು 21ಕ್ಕೆ ಇಳಿಸಿದ್ದರು. ಶನಿವಾರ ಸ್ಪ್ರಿಂಟ್ ಗೆದ್ದಿದ್ದ ಹೋರ್ಹೆ ಮಾರ್ಟಿನ್ ಆ ಕಾವಿನಲ್ಲಿ ಬೆಂದುಹೋಗಿದ್ದ. ನಡುವೆ ಅವನ ಉಡುಪಿನ ಎದೆಯ ಜಿಪ್ ಬಿಚ್ಚಿಕೊಂಡಿತು, ಓಡುತ್ತಿರುವ ಬೈಕಿನ ಮೇಲೆಯೇ ಅದನ್ನು ಮುಚ್ಚಿಕೊಂಡ. ಕೊನೆಯ ಲ್ಯಾಪಿನಲ್ಲಿ ಅವನು ತಿರುವಿನ ಹೊರಕ್ಕೆ ಸರಿದುಹೋದಾಗ ಹಿಂದಿದ್ದ ಕ್ವಾರ್ತರಾರೊ ಮುಂದೆ ನುಗ್ಗಿದ. ಮಾರ್ಟಿನ್ ಬಿಡಲಿಲ್ಲ, ಅದೇ ಲ್ಯಾಪಿನಲ್ಲಿ ಮತ್ತೆ ದಾಟಿ ಎರಡನೇ ಸ್ಥಾನ ಉಳಿಸಿಕೊಂಡ. ಬೈಕಿನಿಂದ ಇಳಿದ ಮೇಲೆ ಅವನಿಗೆ ನಿಲ್ಲಲೂ ಆಗಲಿಲ್ಲ, ನೀರಿನಂಶ ಬತ್ತಿ ಚಿಕಿತ್ಸೆ ಕೊಡಬೇಕಾಯಿತು. ನಾನು ಗಂಟಲು ಹರಿಯುವಂತೆ ಕೂಗಿದ್ದು ಆಗ. ಪಕ್ಕದಲ್ಲಿ ಪಂಜಾಬಿನ ವಯಸ್ಸಾದ ದಂಪತಿ ಇದ್ದರು, ಅವರೂ ಎದ್ದು ನಿಂತು ಕೂಗಿದರು. ಹಿಂದಿನ ಸಾಲಿನ ಅರ್ಧ ಕುರ್ಚಿಗಳು ಖಾಲಿ.

ಹಿಂದಿನವರಿಗೆ ನಾನೇನೂ ಹೇಳದೆ ಬಂದೆನೆಂದುಕೊಳ್ಳಬೇಡಿ. ಬನ್ಯಾಯಾ ಬಿದ್ದಾಗ ತಿರುಗಿ, ನನಗೆ ಬರುವಷ್ಟು ಹಿಂದಿಯಲ್ಲಿ, “ಮೊದಲು ಅವನು ಎದ್ದನೇ ನೋಡು” ಎಂದೆ. ಹಳದಿಯೂ ಅಲ್ಲ, ಕೆಂಪೂ ಅಲ್ಲ, ಯಾವ ಬಣ್ಣವೂ ಇಲ್ಲದ ಅಂಗಿಯ ಹುಡುಗನೊಬ್ಬ ಕೂತುಬಿಟ್ಟ. ಅವನ ಗೆಳೆಯರು ನನ್ನನ್ನೇ ದುರುಗುಟ್ಟಿ ನೋಡಿ ಕೂಗು ಮುಂದುವರಿಸಿದರು. ಕೂತ ಹುಡುಗ ಆಮೇಲೆ ಬಗ್ಗಿ, ನಡೆದುಹೋಗುತ್ತಿದ್ದವನು ಬನ್ಯಾಯಾನೇ ತಾನೇ, ಪೆಟ್ಟಾಗಿಲ್ಲ ಅಲ್ಲವೇ ಎಂದು ನನ್ನನ್ನು ಕೇಳಿದ. ಅಷ್ಟು ಕೇಳಿದವನ ಜೊತೆ ರೇಸ್ ಮುಗಿಯುವವರೆಗೂ ಮಾತಾಡಿದೆ. ಮೊದಲ ಸಲ ಬಂದಿದ್ದನಂತೆ. ಹಳದಿ ಬಾವುಟಕ್ಕೆ ಏನರ್ಥ, ಮೊದಲ ಲ್ಯಾಪಿನಲ್ಲಿ ಬೈಕುಗಳ ಹಿಂದೆಯೇ ವೈದ್ಯಕೀಯ ಕಾರು ಏಕೆ ಓಡುತ್ತದೆ ಎಂದೆಲ್ಲ ಕೇಳಿದ, ಗೊತ್ತಿದ್ದದ್ದನ್ನೆಲ್ಲ ಹೇಳಿದೆ.

ಬರುವ ಭಾನುವಾರ, 2023ರ ಅಕ್ಟೋಬರ್ 1ರಂದು, ಜಪಾನಿನ ಮೊಟೆಗಿ ರೇಸ್, ನಮ್ಮ ಸಮಯ ಬೆಳಿಗ್ಗೆ ಹನ್ನೊಂದೂವರೆಗೆ. ಭಾರತದ ರೇಸಿನ ನಂತರ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಬನ್ಯಾಯಾ ಮತ್ತು ಮಾರ್ಟಿನ್ ನಡುವೆ ಬರೀ 13 ಅಂಕಗಳ ಅಂತರ. ಎಂದಿನಂತೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ನೋಡೋಣ, ಅಕ್ಕ ಚಿತ್ರಾನ್ನ ಮಾಡುತ್ತೇನೆಂದಿದ್ದಾಳೆ. ಯಾರ ಅಂಗಿಯನ್ನಾದರೂ ತೊಟ್ಟು ಬನ್ನಿ, ಯಾರ ಪರವಾಗಿಯಾದರೂ ಕೂಗಿ. ಯಾರಾದರೂ ಬಿದ್ದಾಗ ಚಪ್ಪಾಳೆ ತಟ್ಟುವವರು ಮಾತ್ರ ದಯವಿಟ್ಟು ತಮ್ಮ ತಮ್ಮ ಮನೆಯಲ್ಲೇ ನೋಡಿಕೊಳ್ಳಿ.